ಕಾಚ ಬೇಡವೆಂದ ಮನೆ

೨೦೦೯ರ ದೀಪಾವಳಿ ಮುಗಿದಿತ್ತು, ಕಬ್ಬಿನ ಹಂಗಾಮು ಶುರುವಾಗಿತ್ತು. ಕಾರ್ಖಾನೆಯ ಮುಂಜಾನೆ ಎಂಟರ ಭೋಂಗಾ ಕೂಗಿದ ಸ್ವಲ್ಪ ಹೊತ್ತಿಗೆ ರಾವಸಾಹೇಬರು ಉಗಾರ ಖುರ್ದದ ನನ್ನ ಅಂಗಡಿಗೆ ಬಂದು, ಐದು ಫೂಟಿನ ಮೀನಿನ ಪೆಟ್ಟಿಗೆ ಮಾಡಿಕೊಡಬೇಕು ಎಂದರು. ನಾನು ಕಾಚ ಕೊಯ್ಯುವವನು. ನಮ್ಮ ಕಡೆ ಗಾಜಿಗೆ ಕಾಚ ಎನ್ನುತ್ತಾರೆ. ಕಿಡಕಿಗೆ, ಕಪಾಟಿಗೆ, ದೇವರ ಫೋಟೋಕ್ಕೆ ಕಾಚ ಕೂಡಿಸುವುದರಲ್ಲೇ ನಲವತ್ತು ವರ್ಷ ಹೋಗಿದ್ದವು. ಮೀನಿನ ಪೆಟ್ಟಿಗೆಗಳನ್ನೂ ಮಾಡಿದ್ದೆ, ಆದರೆ ಎಲ್ಲ ಸಣ್ಣವು.

ರಾವಸಾಹೇಬರು ಕಾರ್ಖಾನೆಯ ಬಾಯ್ಲರಿನಲ್ಲಿ ದುಡಿದು ನಿವೃತ್ತರಾದವರು. ಅವರಿಗೇನೂ ಮೀನಿನ ಹುಚ್ಚು ಇರಲಿಲ್ಲ. ಹೆಂಡತಿ ಸತ್ತೆವ್ವನಿಗೆ ಕಣ್ಣಿನ ಬೇನೆ. ಎರಡೂ ಬದಿಯಿಂದ ನೋಟ ಮುಚ್ಚುತ್ತ ಬಂದು, ನೇರ ಎದುರಿಗೆ ಇದ್ದದ್ದಷ್ಟೇ ಕಾಣುತ್ತಿತ್ತು, ಬಾಗಿಲ ಸಂದಿಯಿಂದ ನೋಡಿದ ಹಾಗೆ. ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದದ್ದನ್ನು ದಿನಾ ಹನಿ ಔಷಧ ಹಾಕಿ ಕಾಯಬೇಕು ಎಂದು ಮಿರಜಿನ ಡಾಕ್ಟರು ಹೇಳಿದ್ದರಂತೆ. ಆ ದವಾಖಾನೆಯಲ್ಲಿ ಸರದಿಗೆ ಕೂಡುವಲ್ಲಿ ಒಂದು ದೊಡ್ಡ ಮೀನಿನ ಪೆಟ್ಟಿಗೆ ಇತ್ತು. ಸತ್ತೆವ್ವ ಅದರ ಮುಂದೆ ಎರಡು ತಾಸು ಕೂತಳು, ತನ್ನ ಹೆಸರು ಕೂಗಿದರೂ ಏಳಲಿಲ್ಲ. ರಾವಸಾಹೇಬರು ಅದನ್ನು ನೋಡಿಕೊಂಡು ಬಂದಿದ್ದರು.

ಅಳತೆಗೆಂದು ಅವರ ಮನೆಗೆ ಹೋದೆ. ಹನ್ನೆರಡು ಎಂಎಂ ಕಾಚ ಬೇಕಾಗುತ್ತದೆ, ಕೆಳಗೆ ಗಟ್ಟಿ ಕಬ್ಬಿಣದ ಸ್ಟ್ಯಾಂಡು ಬೇಕು ಎಂದು ಹೇಳುತ್ತಿದ್ದೆ. ಕಾಚ ಎಂಬ ಮಾತು ಕಿವಿಗೆ ಬಿದ್ದದ್ದೇ ಸತ್ತೆವ್ವ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದಳು.

"ಕಾಚ ಬ್ಯಾಡ, ಮಲಿಕಣ್ಣ. ಕಣ್ಣಾಗ ಹೊಕ್ಕಿದ್ದ ಸಾಕಾಗೇತಿ. ಮತ್ತ ಮನ್ಯಾಗ ಯಾಕ?"

ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಮಿರಜಿನ ಡಾಕ್ಟರು ಮರಾಠಿ ಆಡುವವರು. ಅವಳ ಬೇನೆಗೆ ಮರಾಠಿಯಲ್ಲಿ ಕಾಚಬಿಂದು ಎಂದು ಹೆಸರು. ಕಣ್ಣಿನಲ್ಲಿ ಕಾಚದ ಹನಿಯೊಂದು ಕೂತಿದೆ, ದಿನದಿನಕ್ಕೆ ಬೆಳೆಯುತ್ತಿದೆ ಎಂದು ಅವಳು ತಿಳಿದುಕೊಂಡಿದ್ದಳು. ಕಪಾಟಿನಲ್ಲಿದ್ದ ಕಾಚದ ಬಟ್ಟಲುಗಳನ್ನು ಸೊಸೆ ನೀಲಮಳಿಂದ ಅಟ್ಟಕ್ಕೆ ಹಾಕಿಸಿಬಿಟ್ಟಿದ್ದಳು. ರಾವಸಾಹೇಬರು ತಿಳಿಸಿ ಹೇಳಿ ನೋಡಿದರು, ಬೈದೂ ನೋಡಿದರು. ಅವಳು ಒಪ್ಪಲಿಲ್ಲ.

ಮಗ ಸುರಜ ಕಾರ್ಖಾನೆಯಲ್ಲೇ ಕಾರಕೂನ. ಕೊಲ್ಹಾಪುರದಲ್ಲಿ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಮಾಡಿಕೊಡುತ್ತಾರೆ ಎಂದು ಕೇಳಿಕೊಂಡು ಬಂದ. ಹೇಗೆ, ಒಳ್ಳೆಯದೋ ಎಂದು ನನ್ನನ್ನೇ ಕೇಳಿದ. ತೂಕ ಕಾಚದ ಅರ್ಧವೂ ಇರುವುದಿಲ್ಲ, ನಿನ್ನ ಕೂಸು ಆಟಿಕೆ ಎಸೆದರೂ ಒಡೆಯುವುದಿಲ್ಲ, ನೋಡಲು ನೀರಿನಷ್ಟು ತಿಳಿ ಎಂದು ನಾನು ಕಂಡದ್ದನ್ನು ಹೇಳಿದೆ. ಇನ್ನೊಂದು ಮಾತೂ ನನಗೆ ಗೊತ್ತಿತ್ತು. ಅದಕ್ಕೆ ಬಲು ಬೇಗ ಗೀರುಗಳು ಬೀಳುತ್ತವೆ. ಅದನ್ನು ಹೇಳಿದರೆ ನನ್ನ ಮಾಲನ್ನು ನಾನೇ ಹೊಗಳಿಕೊಂಡಂತೆ ಆಗುತ್ತದೆ ಎಂದು ಸುಮ್ಮನಾದೆ. ಆ ಸುಮ್ಮನಾದದ್ದು ಈಗಲೂ ನೆನಪಿದೆ.

ಪೆಟ್ಟಿಗೆ ಟೆಂಪೋದಲ್ಲಿ ಬಂತು. ಬಾಜಾರದಲ್ಲಿ ಸಿಕ್ಕಾಗ ನೀಲಮ ಹೇಳುತ್ತಿದ್ದಳು, ಅತ್ತೆ ಮುಂಜಾನೆ ಕಣ್ಣಿಗೆ ಹನಿ ಹಾಕಿಸಿಕೊಂಡು ಪೆಟ್ಟಿಗೆಯ ಮುಂದೆ ಕೂಡುತ್ತಾರೆ, ಕೆಂಪು ಮೀನು ಎದುರಿಗೆ ಬರುವತನಕ ಚಹಾ ಕುಡಿಯುವುದಿಲ್ಲ ಎಂದು. ಉಳಿದ ಕೆಲಸವೆಲ್ಲ ಸತ್ತೆವ್ವನಿಗೆ ಕೈಯಂದಾಜಿನಲ್ಲೇ ಸಾಗುತ್ತಿತ್ತು. ಕಣ್ಣಿನ ಅಳತೆಗೆ ಅವಳು ಇಟ್ಟುಕೊಂಡದ್ದು ಆ ಒಂದು ಮೀನು. ಅದು ಸ್ವಚ್ಛ ಕಂಡರೆ ಕಣ್ಣು ನಿನ್ನೆಯಂತೆಯೇ ಇದೆ ಎಂದು ಅರ್ಥ.

ಮರುವರ್ಷದ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕ ಕಲ್ಲು ಸಿಡಿದು ರಾವಸಾಹೇಬರ ಮನೆಯ ಕಿಡಕಿ ಒಡೆಯಿತು. ನನ್ನನ್ನು ಕರೆದರು. ಅವತ್ತು ಬುಧವಾರ. ಹೋಗಿ ನೋಡಿದರೆ ಬಾಗಿಲ ಹತ್ತಿರ ಒಂದು ಟ್ರಂಕು, ಕುರ್ಚಿಯ ಮೇಲೆ ಸತ್ತೆವ್ವನ ತಮ್ಮ ಭರಮು. ಕರೋಶಿಯಿಂದ ಅಕ್ಕನನ್ನು ಕರೆದೊಯ್ಯಲು ಬಂದಿದ್ದ. ರಾವಸಾಹೇಬರು ಯಾರ ಕಡೆಗೂ ನೋಡದೆ ಕೂತಿದ್ದರು.

ನೀಲಮ ನನ್ನನ್ನು ಒಂದು ಬದಿಗೆ ಕರೆದು ಸಂಗತಿ ತಿಳಿಸಿದಳು. ಮೀನು ಕಾಣಿಸುತ್ತಿಲ್ಲ, ಇನ್ನು ನೋಟ ಪೂರಾ ಮುಚ್ಚಿದ ಹಾಗೆಯೇ ಎಂದು ಎಂಟು ದಿನದ ಹಿಂದೆ ಅತ್ತೆಯೇ ಹೇಳಿದರಂತೆ. ಅವತ್ತಿನಿಂದ ಹನಿ ಔಷಧ ಬಿಟ್ಟಿದ್ದರು. ಮಿರಜಿಗೆ ಹೋಗೋಣ ಎಂದರೆ, ಇಲ್ಲದ ಕಣ್ಣಿನಲ್ಲಿ ಡಾಕ್ಟರು ಏನು ನೋಡುತ್ತಾನೆ ಎನ್ನುತ್ತಿದ್ದರು. ಕೂಸಿನ ತಾಯಿಯ ಕೈಯಲ್ಲಿ ಕುರುಡು ಮುದುಕಿಯನ್ನೂ ಸಾಕಿಸುವುದಿಲ್ಲ, ತವರಿನಲ್ಲಿ ಇರುತ್ತೇನೆ ಎಂದು ಹಟ ಹಿಡಿದಿದ್ದರು. ಗುರುವಾರ ಹೊರಡುವುದು ಎಂದಾಗಿತ್ತು.

ಭರಮು ಅಕ್ಕನನ್ನು ನಗಿಸಲು ನೋಡುತ್ತಿದ್ದ.

"ನಮ್ಮ ಮನ್ಯಾಗ ಮೀನಾ ಇಲ್ಲಬೇ, ಎಮ್ಮಿ ಅದಾವ. ಎಮ್ಮಿ ಗುರ್ತಾ ಹಿಡ್ಯಾಕ ಕಣ್ಣ ಬೇಕಾಗೂದಿಲ್ಲ, ವಾಸನಿನ ಸಾಕ."

ಸತ್ತೆವ್ವ ನಗಲಿಲ್ಲ.

ಕಿಡಕಿಯ ಅಳತೆ ತೆಗೆದು ತಿರುಗಿದಾಗ ನನ್ನ ಕಣ್ಣು ಮೀನಿನ ಪೆಟ್ಟಿಗೆಯ ಮೇಲೆ ಬಿತ್ತು. ಎದುರಿನ ಬದಿ ಬಚ್ಚಲ ಕಿಡಕಿಗೆ ಹಾಕುವ ಮಬ್ಬು ಕಾಚದ ಹಾಗೆ ಆಗಿತ್ತು. ಒಳಗೆ ಏನೋ ಕೆಂಪಗೆ ಅಲ್ಲಾಡಿತು. ಬೋರಿನ ನೀರು, ಕೆಡುತ್ತದೆ, ಎರಡು ಸಲ ಬದಲಿಸಿದ್ದೇವೆ ಎಂದಳು ನೀಲಮ. ನಾನು ಹತ್ತಿರ ಹೋಗಿ ಹೊರಗಿನಿಂದ ಹೆಬ್ಬೆರಳು ಆಡಿಸಿದೆ. ಸಣ್ಣ ಸಣ್ಣ ಗೀರು, ಎಲ್ಲ ಗುಂಡಗೆ, ಒಂದರ ಮೇಲೊಂದು. ಹಾಗೆ ಗುಂಡಗೆ ಕೈಯಾಡಿಸಿ ಏನನ್ನು ತಿಕ್ಕುತ್ತಿದ್ದರೆಂದು ನಮ್ಮ ವಯಸ್ಸಿನವರಿಗೆ ಗೊತ್ತು.

ಇದನ್ನು ಏತರಿಂದ ಒರೆಸುತ್ತೀರಿ ಎಂದು ಸತ್ತೆವ್ವನನ್ನು ಕೇಳಿದೆ.

"ಬೂದೀಲೆ. ಕಂದೀಲ ತಿಕ್ಕತಿದ್ದಿವಲ್ಲ, ಹಂಗ," ಎಂದಳು.

ಬೋರಿನ ನೀರು ಸಿಡಿದಲ್ಲೆಲ್ಲ ಬಿಳಿ ಕಲೆ ಉಳಿಯುತ್ತಿತ್ತು. ಅದು ಹೋಗಲೆಂದು ಅವಳು ದಿನಾ ಎಲ್ಲರಿಗಿಂತ ಮೊದಲು ಎದ್ದು, ಹಸಿ ಅರಿವೆಗೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಪಾತ್ರೆಗೆಂದು ರಾವಸಾಹೇಬರು ಚೀಲದಲ್ಲಿ ತರಿಸಿದ ಬಾಯ್ಲರಿನ ಬೂದಿ. ಮಬ್ಬಾದಷ್ಟೂ ಅವಳು ಹೆಚ್ಚು ತಿಕ್ಕಿದ್ದಳು.

ನಾನು ಪೆಟ್ಟಿಗೆಯ ಮುಚ್ಚಳ ತೆಗೆದು, ಅವಳ ಕೈಯನ್ನು ಅಂಚಿನ ಮೇಲೆ ಇಡಿಸಿದೆ. ಮೇಲಿನಿಂದ ಬಗ್ಗಿ ನೋಡಬೇಕೆಂದೆ. ನೀಲಮ ಒಂದು ಚಿಟಿಕೆ ಕಾಳು ಹಾಕಿದಳು. ಸತ್ತೆವ್ವ ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಕೆಂಪಂದ ಬಂತ," ಎಂದಳು. ಆಮೇಲೆ, "ಬಾಲದ ಮ್ಯಾಲ ಕರೀ ಮಚ್ಚಿ ಐತಲ್ಲ. ಮೊದಲ ಇತ್ತೇನ?"

ಮೊದಲಿನಿಂದಲೂ ಇತ್ತು ಎಂದಳು ನೀಲಮ. ರಾವಸಾಹೇಬರು ಎದ್ದು ಹಿತ್ತಲಿಗೆ ಹೋದರು.

"ಹೋಗಿದ್ದ ನಿಮ್ಮ ಕಣ್ಣಲ್ರಿ ಅಕ್ಕಾರ, ಈ ಪೆಟಗಿ," ಎಂದು ನಾನು ಹೇಳಿದೆ. ಗೀರಿನ ಸಂಗತಿಯನ್ನೂ, ಗೊತ್ತಿದ್ದೂ ಹೋದ ವರ್ಷ ಬಾಯಿ ಬಿಡದೆ ಇದ್ದದ್ದನ್ನೂ ಹೇಳಿದೆ. ಅವಳು ಪೆಟ್ಟಿಗೆಯ ಮೈಯನ್ನು ಕೈಯಿಂದ ಸವರಿ ನೋಡಿದಳು.

ಆಗ ನನ್ನ ಕಣ್ಣಿನ ಪೊರೆಯ ಸಂಗತಿ ತೆಗೆದೆ. ಅದಕ್ಕೆ ನಮ್ಮ ಕಡೆ ಮೋತಿಬಿಂದು, ಅಂದರೆ ಮುತ್ತಿನ ಹನಿ, ಎನ್ನುತ್ತಾರೆ.

"ನನಗ ಮೋತಿಬಿಂದು ಆಗಿತ್ತರಿ. ಸಾಂಗಲ್ಯಾಗ ತಗದ್ರು. ಮೋತಿ ಎಲ್ಲಿ ಅಂತ ದಿಲಶಾದಬಿ ಇನ್ನೂ ಕೇಳತಾಳ. ಹೆಸರ ಹಂಗ ಇರತಾವರಿ. ಅದರಾಗ ಮೋತಿ ಇಲ್ಲ, ಇದರಾಗ ಕಾಚ ಇಲ್ಲ."

ದಿಲಶಾದಬಿ ನನ್ನ ಹೆಂಡತಿ.

"ಆಕೀನ ಎಲ್ಲೆರ ಮುಚ್ಚಿಟ್ಟಿರಬೇಕ, ನೋಡ," ಎಂದಳು ಸತ್ತೆವ್ವ. ಆಮೇಲೆ ಕೇಳಿದಳು, "ಕಾಚಕ್ಕ ಬೂದಿ ನಡೀತೈತೇನ?"

"ಕಂದೀಲಕ್ಕ ನಡೀತಿರಲಿಲ್ಲೇನ್ರಿ?"

"ಹಂಗಾರ ಪೆಟಗಿಗೆ ಕಾಚನ ಹಾಕ."

ನೀಲಮ ಔಷಧದ ಬಾಟಲಿ ಹುಡುಕಿ ತಂದು, ಅಲ್ಲೇ ಕೂಡಿಸಿ ಎರಡೂ ಕಣ್ಣಿಗೆ ಹನಿ ಹಾಕಿದಳು. ಎಂಟು ದಿನ ತಪ್ಪಿದ್ದಕ್ಕೆ ಏನಾಗಿದೆಯೋ ಡಾಕ್ಟರೇ ಹೇಳಬೇಕಾಗಿತ್ತು. ಶನಿವಾರ ಮಿರಜಿಗೆ ಹೋಗಲು ಸತ್ತೆವ್ವ ಒಪ್ಪಿದಳು.

ಮರುದಿನ ನಾನು ಕಿಡಕಿಯ ಕಾಚ ಹೊತ್ತುಕೊಂಡು ಹೋದೆ. ಟ್ರಂಕು ಬಾಗಿಲಲ್ಲೇ ಇತ್ತು, ಅದರ ಮೇಲೆ ನನ್ನ ಸಾಮಾನು ಇಟ್ಟುಕೊಂಡೆ. ಕಿಡಕಿ ಮುಗಿಸಿ ಪೆಟ್ಟಿಗೆಯ ಅಳತೆ ಹಿಡಿಯುತ್ತಿದ್ದಾಗ ಭರಮು ಚಪ್ಪಲಿ ಮೆಟ್ಟಿದ. ಎಮ್ಮೆಗಳಿಗೆ ಏನು ಹೇಳಲಿ ಎಂದು ಅಕ್ಕನನ್ನು ಕೇಳಿದ. ಹಬ್ಬಕ್ಕೆ ಬರುತ್ತೇನೆ ಎಂದು ಹೇಳು ಎಂದಳು ಸತ್ತೆವ್ವ. ಗುರುವಾರ ಹತ್ತರ ಬಸ್ಸಿಗೆ ಭರಮು ಒಬ್ಬನೇ ಕರೋಶಿಗೆ ಹೋದ.