ಹ್ಯಾಸ್ಕೆಟ್ ಕಳಿಸಿದ ಮೂಲಂಗಿ ಬೀಜ

ಆರ್ಫಾ ಪೊಟ್ಟಣಗಳನ್ನು ಹಲ್ಲಿನಿಂದ ಹರಿದು, ಬೀಜವನ್ನು ಕರಿ ಕೋಟಿನ ಜೇಬಿಗೆ ಸುರಿದುಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಡೋರ್ಕಸ್ ಒಳಗೆ ಬಂದಳು. ಆರ್ಫಾಳ ಗಂಡ ಜೆತ್ರೋ, ಡೋರ್ಕಸಳ ಗಂಡ, ಇಬ್ಬರೂ ಒಂದೇ ಗಣಿಯಲ್ಲಿ ಸತ್ತವರು.

“ಎಲ್ಲಿಗೇ ಹೊರಟೆ? ಆ ಹ್ಯಾಸ್ಕೆಟ್‌ನ ಮಣ್ಣಿಗಾ?”

“ಹೂಂ ಕಣೆ. ವಾಷಿಂಗ್ಟನ್ನಲ್ಲಿ ನಮ್ಮ ಪರವಾಗಿ ಕೂತು ಕೂತು ಸವೆದ ಮಹಾನುಭಾವ. ಕಳಿಸಿಕೊಡೋದು ಬೇಡ್ವಾ?”

“ಜೆತ್ರೋನ ಬೂಟು ಯಾಕೇ ಹಾಕ್ಕೊಂಡಿದ್ದೀಯ?”

“ಅವನ ಮೈಮೇಲೆ ನಿಂತು ತುಳೀಬೇಕು. ಎಲ್ಲರೆದುರಿಗೆ.”

“ಹುಚ್ಚಿ! ಪೊಲೀಸ್ನೋರು ಎಳ್ಕೊಂಡು ಹೋಗ್ತಾರೆ.”

“ನೋಡ್ತಿರು.”

*

ಗಣಿಗೆ ಇದ್ದದ್ದು ಒಂದೇ ಬಾಗಿಲು. ಗಂಡಸರು ಒಳಗಿದ್ದ ದಿನ ಬೆಂಕಿ ಹತ್ತಿದ್ದು ಅಲ್ಲೇ. ಆ ವರ್ಷ ಸಂಸದ ಹ್ಯಾಸ್ಕೆಟ್ ಮತ ಕೇಳಲು ರೈಲಿನಲ್ಲಿ ಬಂದ. ಬೋಗಿಯ ಹಿಂಬಾಗಿಲಲ್ಲಿ ನಿಂತು ಕೈಬೀಸುತ್ತಿದ್ದವನ ಮುಂದಕ್ಕೆ ಆರ್ಫಾ ನುಗ್ಗಿದಳು.

“ಗಣಿಗೆ ಎರಡನೇ ಬಾಗಿಲು ಇಡಿಸೋ ಮಸೂದೆ ಏನಾಯ್ತು ಸ್ವಾಮಿ?”

“ನನ್ನ ಸಮಿತಿಯಲ್ಲೇ ಇದೆಯಮ್ಮ. ನೋಡ್ಕೋತೀನಿ. ನಿಮ್ಮ ಯಜಮಾನರ ಹೆಸರು?”

ಹೇಳಿದಳು. ಪಕ್ಕದಲ್ಲಿದ್ದವನು ಬರೆದುಕೊಂಡ.

ಮಸೂದೆ ಹ್ಯಾಸ್ಕೆಟ್‌ನ ಮೇಜಿನ ಮೇಲೆಯೇ ಸತ್ತಿತು. ವಸಂತ ಬರುತ್ತಲೇ ಅಂಚೆಯಲ್ಲಿ ಬಂದದ್ದು, ಸಂಸದರು ಮತದಾರರಿಗೆಲ್ಲ ಹಂಚುವ ಸರ್ಕಾರಿ ಬೀಜದ ಪೊಟ್ಟಣ. ಮೇಲೆ ವಿಳಾಸ: ಶ್ರೀ ಜೆತ್ರೋ ಪ್ರೂಯೆಟ್ ಅವರಿಗೆ, ಶುಭಾಶಯಗಳೊಂದಿಗೆ.

ಆಮೇಲೆ ವರ್ಷವರ್ಷವೂ ಬಂತು. ಹೆಂಗಸರಿಗೆ ಮತವಿರಲಿಲ್ಲ; ಅವನಿಗೆ ಸತ್ತವನ ಹೆಸರೇ ಸಾಕಾಗಿತ್ತು.

*

ಗುಂಡಿ ಮುಚ್ಚಿ ಮಣ್ಣು ಗುಡ್ಡೆ ಮಾಡಿದ್ದರು. ಪಾದ್ರಿ “ಆಮೆನ್” ಎಂದದ್ದೇ ತಡ, ಆರ್ಫಾ ಮುಂದೆ ಬಂದು ಜೇಬಿನಲ್ಲಿದ್ದದ್ದನ್ನೆಲ್ಲ ಎರಚಿದಳು.

“ಏನಮ್ಮಾ ಅದು?”

“ಸಂಸದರೇ ಕಳಿಸಿದ ಬೀಜ ಪಾದ್ರಿಗಳೇ. ಬಿತ್ತೋಕೆ ನಮ್ಮನೆಯವರು ಮೇಲೆ ಬರ್ಲೇ ಇಲ್ಲ.”

ಹ್ಯಾಸ್ಕೆಟ್‌ನ ಹೆಂಡತಿ ಮುಸುಕಿನೊಳಗೇ ಬಿಕ್ಕಿದಳು. “ಎಷ್ಟು ಪ್ರೀತಿ ನೋಡಿ ಜನಕ್ಕೆ!”

ಜನರ ಹಿಂದೆ ನಿಂತಿದ್ದ ಡೋರ್ಕಸ್ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಬಿತ್ತಿದ ಮೇಲೆ ಮಣ್ಣು ಗಟ್ಟಿ ಮಾಡ್ಬೇಕಮ್ಮ,” ಎಂದಳು ಆರ್ಫಾ. “ಇಲ್ದಿದ್ರೆ ಹಕ್ಕಿ ಪಾಲಾಗುತ್ತೆ. ಅಪ್ಪಣೆ ಕೊಡ್ತೀರಾ?”

ಹ್ಯಾಸ್ಕೆಟ್‌ನ ಹೆಂಡತಿ ಆಗಲೆಂದು ತಲೆಯಾಡಿಸಿದಳು. ಪಾದ್ರಿಯೇ ಕೈಹಿಡಿದು ಆರ್ಫಾಳನ್ನು ಮೇಲೆ ಹತ್ತಿಸಿದರು.

ಅವಳು ಲಂಗ ಎತ್ತಿ ಹಿಡಿದು, ತಲೆಯ ಕಡೆಯಿಂದ ಶುರುಮಾಡಿದಳು. ಹಿಮ್ಮಡಿ ಊರಿ ಊರಿ, ಮುಖದ ಮೇಲೆ, ಎದೆಯ ಮೇಲೆ, ಅವಸರವಿಲ್ಲದೆ ತುಳಿದಳು. ಸುತ್ತ ಗಂಡಸರು ಟೋಪಿ ತೆಗೆದು ತಲೆಬಾಗಿ ನಿಂತಿದ್ದರು. ಒದ್ದೆ ಮಣ್ಣಿನಲ್ಲಿ ಜೆತ್ರೋನ ಬೂಟಿನ ಮೊಳೆಗಳ ಗುರುತು ಸಾಲುಸಾಲಾಗಿ ಮೂಡುತ್ತ ಹೋಯಿತು.