ಅಕ್ಕನಿಗೆ ಸಮುದ್ರ ತೋರಿಸಿದ್ದು

ಮದ್ರಾಸಿನ ಕೀಲ್ಪಾಕಿನಲ್ಲಿ ಮನೆ ಮಾಡಿದವನು ಛತ್ರ ನಡೆಸಲು ತಯಾರಾಗಿರಬೇಕು. ಸುತ್ತಮುತ್ತ ಆಸ್ಪತ್ರೆಗಳು, ಊರ ತುಂಬ ಡಾಕ್ಟರುಗಳು. ರಾಯಚೂರು ಕಡೆಯ ನಮ್ಮ ನೆಂಟರಿಗೆ ಹೊಟ್ಟೆನೋವು ಬಂದರೂ ಮಂಡಿನೋವು ಬಂದರೂ ಮೊದಲು ನೆನಪಾಗುವುದು ದೇವರು, ಆಮೇಲೆ ನಾನು. ಬೆಳಿಗ್ಗೆ ಅವರು ಡಾಕ್ಟರ ಕೈಯಲ್ಲಿ, ಸಂಜೆ ನನ್ನ ಕೈಯಲ್ಲಿ. ಅವರಿಗೆ ಊರು ತೋರಿಸುವುದು ನನ್ನ ಕೆಲಸ. ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ಕುರ್ಚಿ ಸವೆಸಿದ್ದಕ್ಕಿಂತ ಈ ಕೆಲಸದಲ್ಲೇ ಉಪೇಂದ್ರನ ಹೆಸರು ಊರೂರಿಗೆ ಮುಟ್ಟಿದ್ದು.

ನನ್ನದೊಂದು ಕ್ರಮವಿದೆ. ಮೊದಲು ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ. ಆಮೇಲೆ ಲೈಟ್‌ಹೌಸಿನ ಮೇಲಿನಿಂದ ಮರೀನಾ. ಇಳಿದು ಬಂದು ಮರಳಿನಲ್ಲಿ ನಡೆದು ಸಮುದ್ರ, ಒಂದು ಪೊಟ್ಟಣ ಬಿಸಿ ಸುಂಡಲ್, ಅಂದರೆ ನಮ್ಮ ಗುಗ್ಗರಿ. ಮಾರನೆಯ ದಿನ ಅಷ್ಟಲಕ್ಷ್ಮಿ ಗುಡಿ ಮತ್ತು ಸೀರೆಗೆಂದು ಸೌಕಾರ್‌ಪೇಟೆ. ಕಾಯಿಲೆ ಅವಕಾಶ ಕೊಟ್ಟರೆ ಮೂರನೆಯ ದಿನ ಮಹಾಬಲಿಪುರ. ಕ್ರಮ ತಪ್ಪಿದರೆ ನನಗೆ ಸಿಟ್ಟು ಬರುತ್ತದೆ. "ನೆಂಟರೇನು ನಿಮ್ಮ ಆಫೀಸಿನ ಫೈಲುಗಳಾ?" ಎಂದು ಹೆಂಡತಿ ವೃಂದಾ ಎಷ್ಟೋ ಸಲ ಕೇಳಿದ್ದಾಳೆ.

ಕಳೆದ ಕಾರ್ತಿಕದಲ್ಲಿ ಜಯಲಕ್ಷ್ಮೀ ಅಕ್ಕ ಬಂದಳು. ನನ್ನ ದೊಡ್ಡಪ್ಪನ ಮಗಳು, ನನಗಿಂತ ಆರು ವರ್ಷ ದೊಡ್ಡವಳು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಗ ಶ್ರೀನಾಥ ಜೊತೆಗೆ ಬಂದಿದ್ದ. ಎರಡು ದಿನ ಪರೀಕ್ಷೆಗಳಾದವು. ಮಂಗಳವಾರ ಸಂಜೆ ಶ್ರೀನಾಥ ನನ್ನನ್ನು ಬಾಲ್ಕನಿಗೆ ಕರೆದು, "ಮಾಮಾ, ಇನ್ನ ಮಾಡೂದು ಏನೂ ಇಲ್ಲಂತ. ಮನಿಗೆ ಕರ್ಕೊಂಡು ಹೋಗ್ರಿ ಅಂದ್ರು" ಎಂದ. ಭಾನುವಾರದ ರೈಲಿಗೆ ಟಿಕೆಟ್ ಮಾಡಿಸಿದ್ದ.

ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಳಗೆ ಬಂದಾಗ ಗೋಡೆಗೆ ಒರಗಿ ಕೂತಿದ್ದವಳು ನನ್ನನ್ನೇ ನೋಡಿ ಕೇಳಿದಳು: "ಉಪೇಂದ್ರ, ಸಮುದ್ರ ತೋರಸ್ತೀಯೇನೋ? ಎಪ್ಪತ್ತೊಂದು ವರ್ಷ ಆತು, ಒಮ್ಮೆನೂ ನೋಡಿಲ್ಲ. ಒಂದೀಟು ಕಾಲು ತೊಯಿಸ್ಕೊಂಡು ಊರಿಗೆ ಹೋಗ್ತೀನಿ. ಮತ್ತೇನೂ ಬ್ಯಾಡ ನಂಗ."

ಬುಧವಾರ ಮಧ್ಯಾಹ್ನ ಮಗಳು ಶ್ರೀಪ್ರಿಯಾ ಅರ್ಧ ದಿನ ರಜೆ ಹಾಕಿ ಕಾರು ತಂದಳು. ಕಾರಿನಿಂದಲೇ ಪಾರ್ಥಸಾರಥಿಗೆ ಕೈಮುಗಿಸಿ, ಲೈಟ್‌ಹೌಸನ್ನು ಕೆಳಗಿನಿಂದಲೇ ತೋರಿಸಿ, ಮರೀನಾಕ್ಕೆ ಬಂದೆವು. ಗಾಲಿಕುರ್ಚಿಯವರಿಗೆಂದು ಮರಳಿನ ಮೇಲೆ ಹಲಗೆ ಹಾಸಿ ನೀರಿನ ಹತ್ತಿರದವರೆಗೆ ದಾರಿ ಮಾಡಿದ್ದಾರೆ. ಶ್ರೀನಾಥನ ತೋಳು ಹಿಡಿದು ಅಕ್ಕ ಆ ಹಲಗೆಯ ಮೇಲೆ ಪೂರ್ತಿ ನಡೆದಳು. ನಾಲ್ಕು ಕಡೆ ನಿಂತಳು. ಕೊನೆಗೆ ಸಮುದ್ರ ಎದುರಿಗೇ ಬಂದಾಗ ಕಣ್ಣು ಕಿರಿದು ಮಾಡಿ ದೂರಕ್ಕೆ ನೋಡಿದಳು. "ಇದಕ್ಕ ಆ ಕಡೆ ದಂಡೀನೇ ಇಲ್ಲೇನೋ?" ಎಂದು ಸಣ್ಣ ಹುಡುಗಿಯ ಹಾಗೆ ಕೇಳಿದಳು. ಚಪ್ಪಲಿ ಕಳಚಿ, ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿ ಹಿಡಿದಳು.

ನಾನು ಬಾಯಿ ಹಾಕಿದ್ದು ಆಗಲೇ.

"ಇರು ಅಕ್ಕ. ಇವತ್ತು ದ್ವಾದಶಿ. ಪರ್ವದಿನ ಬಿಟ್ಟು ಸಮುದ್ರ ಮುಟ್ಟೋ ಹಾಗಿಲ್ಲ. ಶನಿವಾರ ಅಮಾವಾಸ್ಯೆ. ಅವತ್ತು ಸಂಕಲ್ಪ ಮಾಡಿ, ಕ್ರಮವಾಗಿ ಸ್ನಾನಾನೇ ಮಾಡಿಸ್ತೀನಿ. ನಮ್ಮನೇಲಿ ಇದೆಲ್ಲ ತುಂಬಾ ಕಟ್ಟುನಿಟ್ಟು."

ಶಾಸ್ತ್ರದಲ್ಲಿ ಹಾಗಿರುವುದು ನಿಜ. ಅಶ್ವತ್ಥವನ್ನು ಶನಿವಾರ ಮುಟ್ಟಬೇಕು, ಸಮುದ್ರವನ್ನು ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಲ್ಲಿ ಮುಟ್ಟಬೇಕು. ಆದರೆ ನಾನು ಹೇಳಿದ್ದು ಶಾಸ್ತ್ರಕ್ಕಾಗಿ ಅಲ್ಲ. ನನ್ನ ಮದುವೆಗೆ ಬಂದಿದ್ದ ಅಕ್ಕನ ಮಾವ ನಮ್ಮ ಮನೆಯ ನೀರನ್ನೂ ಕುಡಿಯದೆ, "ಮದ್ರಾಸಿನವರಿಗೆ ಎಲ್ಲೀ ಆಚಾರ" ಎಂದು ತುಂಬಿದ ಚಪ್ಪರದಲ್ಲಿ ಅಂದಿದ್ದರು. ಅವರು ಸತ್ತು ಎಷ್ಟೋ ಕಾಲವಾಯಿತು. ಅವರ ಮಾತು ಮಾತ್ರ ನನ್ನೊಳಗೆ ಹಾಗೇ ಉಳಿದಿತ್ತು. ಆ ಮನೆಯ ಸೊಸೆಯೇ ತಿಥಿ ನೋಡದೆ ಸಮುದ್ರಕ್ಕೆ ಇಳಿಯಹೊರಟಾಗ, ತಡೆಯುವ ಸುಖ ನನ್ನದಾಯಿತು.

ಶ್ರೀಪ್ರಿಯಾಗೆ ಕನ್ನಡ ಕಿವಿಗೆ ಮಾತ್ರ, ನಾಲಿಗೆಗೆ ತಮಿಳೇ. "ಅಪ್ಪಾ, ಎನ್ನಪ್ಪಾ ಇದು? ಅತ್ತೆ ಕಾಲ್ ನನೆಚ್ಚುಕ್ಕಟ್ಟುಮೇ, ಪಾವಮ್!" ಎಂದು ರೇಗಿದಳು. ಪಾಪ, ಅತ್ತೆ ಕಾಲು ನೆನೆಸಿಕೊಳ್ಳಲಿ ಬಿಡಿ ಎಂದು ಅವಳ ಮಾತು. ಅವಳಿಗೆ ಸಿಟ್ಟು ಬರಲು ಕಾರಣವಿತ್ತು. ಇದೇ ಮರಳಿನಲ್ಲಿ ಪ್ರತಿ ಭಾನುವಾರ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸೊಂಟದ ತನಕ ನೀರಿಗೆ ಇಳಿದವನು ನಾನೇ. ಯಾವ ಪಂಚಾಂಗವನ್ನೂ ನೋಡಿದವನಲ್ಲ.

ಅಕ್ಕ ಮಾತ್ರ ಹಿಡಿದ ನೆರಿಗೆಯನ್ನು ಕೆಳಗೆ ಬಿಟ್ಟಳು. "ಬರೋಬ್ಬರಿ ಹೇಳಿದಿ ನೋಡಪಾ. ನಂಗ ಹೊಳೀಲೇ ಇಲ್ಲ" ಎಂದಳು. ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಮ್ಮಾವನೋರು ಇದ್ದಿದ್ರ ನಿನ್ನ ಬೆನ್ನು ತಟ್ಟತಿದ್ರು" ಎಂದಳು. ನಲವತ್ತು ವರ್ಷಗಳಿಂದ ನಾನು ಕಾಯುತ್ತಿದ್ದ ಮಾತು ಅದು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಬಹಳ ಹಿತವಾಯಿತು. ಶ್ರೀಪ್ರಿಯಾ ಸಿಟ್ಟಿನಲ್ಲಿ ಒಬ್ಬಳೇ ಸುಂಡಲ್ ತಿಂದಳು.

ಮನೆಯಲ್ಲಿ ವೃಂದಾ ವಿಷಯ ಕೇಳಿ ಸೌಟು ಹಿಡಿದೇ ಅಡಿಗೆಮನೆಯಿಂದ ಹೊರಗೆ ಬಂದಳು. "ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ! ಆ ಜೀವಕ್ಕೆ ಶನಿವಾರ ಅನ್ನೋದು ಇದೆ ಅಂತ ನಿಮಗೆ ಯಾರು ಹೇಳಿದ್ರು?" ಎಂದಳು. ಮೂರು ದಿನಕ್ಕೇನಾಗುತ್ತದೆ ಎಂದು ನಾನು ಪೇಪರ್ ತೆರೆದೆ. ಮೊದಲ ಪುಟದಲ್ಲೇ ಇತ್ತು, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ.

ಗುರುವಾರ ಗಾಳಿ ಬೀಸಿತು. ಶುಕ್ರವಾರ ಮಳೆ ಹಿಡಿಯಿತು. ಅಕ್ಕ ಏಳಲಾರದೆ ಮಲಗಿದಳು, ಗಂಜಿಯೂ ಒಳಗೆ ನಿಲ್ಲಲಿಲ್ಲ. ಆದರೂ ಶನಿವಾರ ಬೆಳಿಗ್ಗೆ ವೃಂದಾಳಿಂದ ಮೈ ಒರೆಸಿಸಿಕೊಂಡು, ಒಗೆದ ಸೀರೆ ಉಟ್ಟು, ಸಮುದ್ರರಾಜನಿಗೆಂದು ಕರವಸ್ತ್ರದಲ್ಲಿ ಅಕ್ಷತೆ, ಎರಡು ಸೇವಂತಿಗೆ ಕಟ್ಟಿಕೊಂಡು ಕೂತಿದ್ದಳು. ಶ್ರೀನಾಥನೂ ನಾನೂ ಅವಳನ್ನು ಎತ್ತಿ ಕಾರಿಗೆ ತಂದೆವು. ಅರ್ಧ ಚಕ್ರ ಮುಳುಗುವ ನೀರಿನಲ್ಲಿ ಶ್ರೀಪ್ರಿಯಾ ಕಾರು ಓಡಿಸಿದಳು. ಬೀಚ್ ರಸ್ತೆಯ ಬಾಯಲ್ಲಿ ಪೊಲೀಸರು ಅಡ್ಡಗಟ್ಟೆ ಇಟ್ಟಿದ್ದರು.

"ಯಾರುಂ ಪೋಹಕ್ಕೂಡಾದು ಸಾರ್. ತಿರುಪ್ಪುಂಗೊ, ತಿರುಪ್ಪುಂಗೊ" ಎಂದು ಮಳೆಕೋಟಿನವನು ಕೈಬೀಸಿದ. ನಾನು ಇಳಿದು ಹೋಗಿ ಅಮಾವಾಸ್ಯೆ ಎಂದೆ, ಪೇಷಂಟ್ ಎಂದೆ, ಕೊನೆಗೆ ಕೈಯನ್ನೂ ಮುಗಿದೆ. ಅವನು ಒಳ್ಳೆಯವನೇ. "ಅಲೆ ರೋಡ್ ವರೆಕ್ಕುಂ ವರುದು ಸಾರ್" ಎಂದು, ನೀರು ರಸ್ತೆಗೇ ಬರುತ್ತಿರುವುದನ್ನು ಸಮಾಧಾನವಾಗಿಯೇ ಹೇಳಿ ಹಿಂದಕ್ಕೆ ಕಳಿಸಿದ.

ಹಿಂದಿನ ಸೀಟಿನಲ್ಲಿ ಮಗನ ತೊಡೆಯ ಮೇಲೆ ತಲೆಯಿಟ್ಟಿದ್ದ ಅಕ್ಕ, "ಅದೇನೋ ಅದು ಸಪ್ಪಳ?" ಎಂದಳು.

"ಸಮುದ್ರ ಅಕ್ಕ."

ಮಲಗಿದಲ್ಲಿಂದಲೇ ಕೈಮುಗಿದಳು. ಹೂವಿನ ಗಂಟು ಅವಳ ಮುಷ್ಟಿಯಲ್ಲೇ ಮನೆಗೆ ಬಂತು.

ಭಾನುವಾರ ಏನೂ ಆಗಿಲ್ಲವೆಂಬಂತೆ ಬಿಸಿಲು ಬಂತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅದು ನನಗೇ ಹೇಳಿದ್ದು. ಸೆಂಟ್ರಲ್ ಸ್ಟೇಷನ್ನಿಗೆ ಎರಡು ಗಂಟೆ ಮೊದಲೇ ಹೊರಡಿಸಿ ಕಾರನ್ನು ಬೀಚಿಗೆ ತಿರುಗಿಸಿದೆ. ಅಡ್ಡಗಟ್ಟೆ ತೆಗೆದಿದ್ದರು. ಹಲಗೆಯ ದಾರಿಯ ಮೇಲೆ ಒದ್ದೆ ಮರಳು ಕೂತಿತ್ತು, ಆದರೂ ಹೋಗಬಹುದಿತ್ತು. ಬಾಗಿಲು ತೆರೆದು, "ಬಾ ಅಕ್ಕ, ನಾನೂ ಶ್ರೀನಾಥನೂ ಎತ್ಕೊಂಡು ಹೋಗ್ತೀವಿ. ಕಾಲು ನೆನೆಸಿಬಿಡು" ಎಂದೆ.

ಅಕ್ಕ ಅಲ್ಲಾಡಲಿಲ್ಲ. "ಇವತ್ತ ಪಾಡ್ಯ ಅಲ್ಲೇನೋ?"

"ಪಾಡ್ಯ ಆದ್ರೇನಕ್ಕ, ಬಾ."

"ಪರ್ವ ಬಿಟ್ಟು ಮುಟ್ಟಬಾರದು ಅಂತ ನೀನೇ ಹೇಳಿದ್ದಿ."

"ಜಂಬಕ್ಕೆ ಹೇಳಿದ್ದಕ್ಕ ಅದು! ನಾನು ಸಾವಿರ ಸಲ ಇಳಿದಿದ್ದೀನಿ ಈ ನೀರಿಗೆ. ಒಂದು ದಿನಾನೂ ತಿಥಿ ನೋಡಿಲ್ಲ. ನಿಮ್ಮ ಮಾವನೋರ ಮೇಲಿನ ಸಿಟ್ಟಿಗೆ ನಿನ್ನ ತಡೆದೆ." ಅರವತ್ತೈದರ ಗಂಡಸು ನಡುಬೀದಿಯಲ್ಲಿ ಅಳುತ್ತಿದ್ದೆ.

ಅಕ್ಕ ನನ್ನ ಕೈ ಹಿಡಿದಳು. ಸಿಟ್ಟು ಮಾಡಿದ್ದರೆ ಬದುಕುತ್ತಿದ್ದೆ.

"ನಿಂಗ ನಡೀತದಪಾ. ನೀ ಇಲ್ಲೇ ಇರಾಂವ. ತಪ್ಪಾದ್ರ ನಾಳೆ ಕಳಕೋತಿ. ನಾ ಹೊಂಟಾಕಿ. ಗೊತ್ತಿಲ್ಲದಾಗ ಆಗಿದ್ರ ಬ್ಯಾರೆ, ಈಗ ಗೊತ್ತಾತಲ್ಲ. ಹೋಗೂಮುಂದ ಒಂದು ತಪ್ಪು ಕಟ್ಟಿಕೊಂಡು ಯಾಕ ಹೋಗ್ಲಿ?"

"ಹುಣ್ಣಿಮೆ ತನಕ ಇರು ಅಕ್ಕ, ಹದಿನೈದೇ ದಿನ."

"ಹದಿನೈದು ದಿನ ಯಾರು ಕೊಡತಾರೋ ಹುಚ್ಚಾ" ಎಂದು ನಕ್ಕಳು. ಆಮೇಲೆ ಕಾರಿನ ಕಿಟಕಿಯಿಂದ ಬಹಳ ಹೊತ್ತು ಸಮುದ್ರ ನೋಡಿದಳು. ಯಾರೋ ಮಕ್ಕಳು ಅಲೆ ಬಂದಾಗ ಕಿರುಚಿ ಓಡಿ, ಮತ್ತೆ ನೀರಿಗೆ ಹೋಗುತ್ತಿದ್ದರು. "ಸಾಕು, ನಡೀರಿ, ರೈಲು ತಪ್ಪೀತು" ಎಂದು ಅವಳೇ ಹೊರಡಿಸಿದಳು.

ಹುಣ್ಣಿಮೆಗೆ ಎರಡು ದಿನ ಇದೆ ಎನ್ನುವಾಗ ಶ್ರೀನಾಥನ ಫೋನ್ ಬಂತು. ಮೂರನೆಯ ದಿನ ಅಸ್ಥಿಯನ್ನು ಕೃಷ್ಣೆಯಲ್ಲಿ ಬಿಟ್ಟರಂತೆ.

ಆಮೇಲೂ ನೆಂಟರು ಬರುತ್ತಿದ್ದಾರೆ. ಗುಡಿ ತೋರಿಸುತ್ತೇನೆ, ಸೌಕಾರ್‌ಪೇಟೆಗೆ ಕರೆದೊಯ್ಯುತ್ತೇನೆ. ಬೀಚಿಗೆ ಶ್ರೀಪ್ರಿಯಾ ಕರೆದುಕೊಂಡು ಹೋಗುತ್ತಾಳೆ. ನಾನು ಕಾರಿನಿಂದ ಇಳಿಯುವುದಿಲ್ಲ. ವೃಂದಾ ಒಮ್ಮೆ ನನ್ನ ಪಕ್ಕದಲ್ಲಿ ಕೂತು, "ಕೃಷ್ಣೆಯೂ ಕೊನೆಗೆ ಈ ಸಮುದ್ರಕ್ಕೇ ಅಲ್ವಾ ಸೇರೋದು? ಅಕ್ಕ ಬಂದು ಸೇರಿರ್ತಾರೆ, ಬಿಡಿ" ಎಂದಳು.

ಸೇರಿರಬಹುದು. ಅಕ್ಕ ಕೇಳಿದ್ದು ಕಾಲು ನೆನೆಸುವುದನ್ನು.