ಭಾವನ ಟ್ರಕ್ಕಿಗೆ ಎರಡನೇ ಲಿವರ್

ನಮ್ಮ ಭಾವ ಇಪ್ಪತ್ತಾರು ವರ್ಷ ಒಂದೇ ಟ್ರಕ್ ಓಡಿಸಿದವರು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಳೆಯ ಗಾಡಿ. ಗುಡ್ಡದ ಮೇಲಿನ ಆಸ್ಪತ್ರೆಗೆ ಕುಡಿಯುವ ನೀರಿನ ಕ್ಯಾನುಗಳನ್ನು ಏರಿಸುತ್ತಿದ್ದದ್ದು ಅದೇ. ಹೋದ ತಿಂಗಳು, ಅಕ್ಕ ಅವರ ಪಕ್ಕದಲ್ಲಿ ಕೂತಿದ್ದಾಗ, ಏರಿನ ಕೊನೆಯ ತಿರುವಿನಲ್ಲಿ ಗಾಡಿ ತಟ್ಟನೆ ಎಳೆತ ಕಳೆದುಕೊಂಡು ಹಿಂದಕ್ಕೆ ಜಾರಿತು. ಬ್ರೇಕ್ ಹಿಡಿಯುವಷ್ಟರಲ್ಲಿ ಹಿಂಭಾಗ ಕಲ್ಲಿನ ತಡೆಗೋಡೆಗೆ ಒರಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಏರಿಗೆ ಹಾಕುವ, ಹೆಚ್ಚು ಎಳೆತದ ‘ಲೋ’ದಲ್ಲಿರಬೇಕಾದ ಲಿವರ್ ನ್ಯೂಟ್ರಲ್ಲಿಗೆ ಬಂದು ನಿಂತಿದ್ದನ್ನು ಅಕ್ಕ ನೋಡಿದಳು.

“ನಿಮ್ಮ ಕೈಯೇ ತಗುಲಿರಬೇಕು,” ಎಂದಳು. ಗಾಬರಿಯಲ್ಲಿ ಆಡಿದ ಮಾತು. ಭಾವ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಕೆಲಸವನ್ನು ಬೇರೆ ಗಾಡಿಯವರಿಗೆ ಒಪ್ಪಿಸಿ, ಕೀಲಿಯನ್ನು ತಂದು ನನ್ನ ಲೇತ್ ಅಂಗಡಿಯ ಮೇಜಿನ ಮೇಲಿಟ್ಟರು.

“ಮಾರಿಬಿಡು ಪುಟ್ಟಿ. ನಂಗೆ ವಯಸ್ಸಾಯ್ತು.”

“ಮೊದ್ಲು ಬಿಚ್ಚಿ ನೋಡೋಣ ಇರಿ ಭಾವ.”

“ಏನ್ ನೋಡೋದು? ಕುಣಿಯಲಾರದವನು ನೆಲ ಡೊಂಕು ಅಂದ ಹಾಗಾಗತ್ತೆ.”

“ನೆಲ ನಿಜವಾಗ್ಲೂ ಡೊಂಕಿದ್ರೆ? ಹಾಗೇ ಮಾರಿದ್ರೆ ಕೊಂಡವನ ಗತಿ ಏನು?”

ಆ ಮಾತಿಗೆ ಅವರು ಒಪ್ಪಿದರು. ಇನ್ನೊಬ್ಬರ ಜೀವಕ್ಕೆ ಕುತ್ತು ತರುವ ಮನುಷ್ಯರಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಗಾಡಿಯ ಅಡಿಗೆ ನುಗ್ಗಿದೆವು. ಗೇರ್‌ಬಾಕ್ಸಿನ ಬೆನ್ನಿಗಿದ್ದು, ಎಳೆತವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚಿಕೊಡುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಜಾರಿದ ಲಿವರ್ ಇದರದೇ. ಎರಡಾಳಿನ ಭಾರ. ಬೋಲ್ಟುಗಳು ಮೊಂಡು ಹಿಡಿದಿದ್ದವು. ಕೊನೆಗೆ ಜಾಕಿನ ಮೇಲೆ ಇಳಿಯುವಾಗ, ಒಳಗೆ ಉಳಿದಿದ್ದ ಎಣ್ಣೆಯೆಲ್ಲ ಭಾವನ ಅಂಗಿಯ ಮೇಲೆ ಸುರಿಯಿತು.

“ನಿಮ್ಮಕ್ಕನಿಗೆ ಹೇಳ್ಬೇಡ,” ಎಂದರು. ಒಂದು ತಿಂಗಳಲ್ಲಿ ಅವರು ಆಡಿದ ಮೊದಲ ತಮಾಷೆಯ ಮಾತು.

ಬೆಂಚಿನ ಮೇಲಿಟ್ಟು ಒಂದೊಂದಾಗಿ ಬಿಚ್ಚಿದೆ. ಬೇರಿಂಗುಗಳು ಗರಗರ ಎನ್ನುತ್ತಿದ್ದವು, ಶಾಫ್ಟು ಬೆರಳಿಗೆ ಸಿಗುವಷ್ಟು ಸವೆದಿತ್ತು. ಗೇರನ್ನು ಜಾಗದಲ್ಲಿ ಹಿಡಿದಿಡಲು ಒಂದು ಪುಟ್ಟ ಉಕ್ಕಿನ ಗುಂಡು, ಅದನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್ ಇರುತ್ತದೆ. ಗುಂಡು ಉರುಳಿ ಬಂತು. ಸ್ಪ್ರಿಂಗ್ ಎರಡು ತುಂಡಾಗಿ ಬಂತು. ಮುರಿದ ತುದಿಗಳು ಒಂದಕ್ಕೊಂದು ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು. ಮುರಿದು ಎಷ್ಟೋ ದಿನವಾಗಿತ್ತು.

“ಭಾವ, ನೆಲಾನೇ ಡೊಂಕು,” ಎಂದು ತುಂಡುಗಳನ್ನು ಅವರ ಅಂಗೈಗೆ ಹಾಕಿದೆ. “ಏರಲ್ಲಿ ಅದು ತಾನಾಗೇ ಜಾರಿದೆ. ನಿಮ್ಮ ಕೈ ಮುಟ್ಟೇ ಇಲ್ಲ.”

ಭಾವ ಡಬ್ಬದ ಮೇಲೆ ಕೂತುಬಿಟ್ಟರು. ಉಸಿರು ಉದ್ದಕ್ಕೆ ಬಂತು, ಹೊತ್ತ ಮೂಟೆಯನ್ನು ಇಳಿಸಿದವರ ಹಾಗೆ.

ಮಧ್ಯಾಹ್ನ ಅಕ್ಕ ಊಟ ತಂದಳು. ಸ್ಪ್ರಿಂಗ್ ನೋಡಿದಳು, ಅಂಗಿಯನ್ನೂ ನೋಡಿದಳು. ಅಂಗಿಯ ಬಗ್ಗೆ ಚಕಾರ ಎತ್ತಲಿಲ್ಲ.

“ನಾನು ಹಾಗನ್ನಬಾರದಿತ್ತು,” ಎಂದಳು.

“ನೀನಂದಿದ್ದಕ್ಕಲ್ಲ ಕಣೇ. ನಾನೂ ಹಾಗೇ ಅಂದ್ಕೊಂಡಿದ್ದೆ,” ಎಂದರು ಭಾವ. ಅಂದು ಎರಡು ಸಲ ಬಡಿಸಿಕೊಂಡು ಉಂಡರು.

ಊಟವಾದ ಮೇಲೆ ಅವರ ಆಸೆಗಳೂ ಚಿಗುರಿದವು. ಆಸ್ಪತ್ರೆಯ ಕಾಂಕ್ರೀಟ್ ಅಂಗಳ ಕಿರಿದು. ಲೋ ಹಾಕಿದರೆ ಮುಂದಿನ ಚಕ್ರಗಳೂ ಕಡ್ಡಾಯವಾಗಿ ಎಳೆಯುತ್ತಿದ್ದವು, ತಿರುಗಿಸುವಾಗ ಸ್ಟೀರಿಂಗ್ ಬಿಗಿಯುತ್ತಿತ್ತು. “ಬಿಚ್ಚಿದ್ದು ಬಿಚ್ಚಿಯಾಯ್ತು. ಲೋನೂ ಮುಂದಿನ ಚಕ್ರದ ಎಳೆತಾನೂ ಬೇರೆ ಬೇರೆ ಮಾಡಕ್ಕಾಗಲ್ವಾ?” ಎಂದು ಕೇಳಿದರು.

ಆಗುತ್ತಿತ್ತು. ಲೋಗೊಂದು, ಮುಂದಿನ ಚಕ್ರಗಳಿಗೊಂದು ಇರುವ ಎರಡು ರಾಡುಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಪುಟ್ಟ ಪಿನ್ನನ್ನು ತೆಗೆದು, ರಾಡಿಗೊಂದರಂತೆ ಲಿವರ್ ಮಾಡಿದೆ. ಹೊಸ ಶಾಫ್ಟನ್ನು ನಾನೇ ಕಡೆದೆ. ಬೇರಿಂಗು, ಸೀಲು, ಸ್ಪ್ರಿಂಗು ಎಲ್ಲ ಹೊಸದು. ನಾಲ್ಕು ದಿನ ಹಿಡಿಯಿತು.

ಶುಕ್ರವಾರ ಪೂರ್ತಿ ಲೋಡು ಹಾಕಿಕೊಂಡು ಮೂವರೂ ಹೊರಟೆವು. ಕೊನೆಯ ತಿರುವಿನಲ್ಲಿ ಭಾವ ಬೇಕೆಂದೇ ಗಾಡಿ ನಿಲ್ಲಿಸಿದರು. ಅಕ್ಕ ನನ್ನ ಮೊಣಕೈ ಹಿಡಿದಳು. ಭಾವ ಎರಡೂ ಕೈಯನ್ನು ಸ್ಟೀರಿಂಗ್ ಮೇಲಿಟ್ಟು ಕ್ಲಚ್ ಬಿಟ್ಟರು. ಗಾಡಿ ಒಂದಂಗುಲವೂ ಹಿಂದೆ ಬರಲಿಲ್ಲ, ಗುರುಗುಟ್ಟುತ್ತಾ ಏರಿತು. ಅಂಗಳದಲ್ಲಿ ಮುಂದಿನ ಚಕ್ರಗಳ ಲಿವರ್ ಬಿಡಿಸಿ, ಒಂದೇ ಸಲಕ್ಕೆ ತಿರುಗಿಸಿದರು.

“ಕೈಗೆ ಏನೂ ಆಗಿಲ್ಲ ನೋಡು,” ಎಂದು ತಮಗೆ ತಾವೇ ಹೇಳಿಕೊಂಡರು.

ಕ್ಯಾನುಗಳನ್ನು ಇಳಿಸಿದ ಮೇಲೆ ಸ್ಟೋರಿನವನಿಗೆ, “ಸೋಮವಾರದಿಂದ ನಾನೇ ಬರ್ತೀನಿ,” ಎಂದರು. ಇಳಿಯುವ ದಾರಿಯಲ್ಲಿ ನಮ್ಮಿಬ್ಬರ ನಡುವೆ ಕೂತಿದ್ದ ಅಕ್ಕ, ಮೊದಲ ತಿರುವು ದಾಟುವ ಮುಂಚೆಯೇ ಭಾವನ ಹೆಗಲಿಗೆ ಒರಗಿ ನಿದ್ದೆ ಹೋದಳು.